ದೊಡ್ಡಸ್ವಾಮಿ ಅಬ್ಬೆ ದುಬ್ವಾ: ಯುದ್ಧ ಮುಗಿದ ಮೈಸೂರು ಸೀಮೆಯಲ್ಲಿ ಒಬ್ಬ ಪಾದ್ರಿ

ಅಲ್ ಖೋರ್: ನಮ್ಮ ಅಲ್ ಖೋರ್‌ನಿಂದ ದೋಹಾಕ್ಕೆ ಸುಮಾರು 50 ಕಿ.ಮೀ. ದಾರಿ. 2008ರ ಮಾರ್ಚ್‌ನಲ್ಲಿ ದೋಹಾದಲ್ಲಿ ರೋಸರಿ ಮಾತೆಯ ಚರ್ಚು ತೆರೆದ ಮೇಲೆ ಇಲ್ಲಿನ ಕ್ರೈಸ್ತ ಬಾಂಧವರಿಗೆ ಪೂಜೆಗೆ ಹೋಗಲು ಒಂದು ನೆಲೆ ಸಿಕ್ಕಿತು. ಗಲ್ಫ್ ನಾಡಿನಲ್ಲಿ ನೆಲೆಸಿರುವ ಕನ್ನಡ ನಾಡಿನ ಕ್ರೈಸ್ತರಲ್ಲಿ ಮಂಗಳೂರು, ಉಡುಪಿ ಕಡೆಯವರು ಬಹಳ. ಅವರ ಮನೆಗಳಲ್ಲಿ ಅಜ್ಜ-ಅಜ್ಜಿಯರಿಂದ ಇಳಿದು ಬಂದ ಒಂದು ನೆನಪಿದೆ. ಅದು ಶ್ರೀರಂಗಪಟ್ಟಣದ ಸೆರೆಯ ನೆನಪು. ಸೆರೆಯ ಕಥೆ ಅನೇಕರಿಗೆ ಗೊತ್ತು. ಸೆರೆ ಮುಗಿದ ಮೇಲೆ ಅಲ್ಲಿ ಉಳಿದವರ ಕಣ್ಣೀರು ಒರೆಸಿದವರ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ. ಅಂಥ ಒಬ್ಬ ಧರ್ಮಗುರುವಿನ ಪರಿಚಯವನ್ನು ಓದುಗರ ಮುಂದಿಡುತ್ತಿದ್ದೇವೆ.

ಅವರ ಹೆಸರು ಜಾನ್ ಆಂತ್ವಾನ್ ದುಬ್ವಾ. ಇತಿಹಾಸದಲ್ಲಿ ಅಬ್ಬೆ ದುಬ್ವಾ ಎಂದೇ ಪ್ರಸಿದ್ಧರು. ಫ್ರೆಂಚರಲ್ಲಿ ಪಾದ್ರಿಗಳನ್ನು ಗೌರವದಿಂದ ಅಬ್ಬೆ ಎಂದು ಕರೆಯುತ್ತಾರೆ. ಮೈಸೂರು ಸೀಮೆಯ ನಮ್ಮ ಜನ ಮಾತ್ರ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು.

ದುಬ್ವಾ ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತದವರು. 18ನೇ ಶತಮಾನದ ಅರವತ್ತರ ದಶಕದಲ್ಲಿ ಹುಟ್ಟಿ, 1792ರಲ್ಲಿ ಗುರುದೀಕ್ಷೆ ಪಡೆದರು. ಆಗ ಫ್ರಾನ್ಸಿನಲ್ಲಿ ಮಹಾಕ್ರಾಂತಿಯ ಬಿರುಗಾಳಿ ಎದ್ದಿತ್ತು, ಪಾದ್ರಿಗಳ ಜೀವಕ್ಕೇ ಭರವಸೆ ಇರಲಿಲ್ಲ. ಅದೇ ವರ್ಷ ಅವರು ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯ ವತಿಯಿಂದ ಭಾರತಕ್ಕೆ ಹಡಗು ಹತ್ತಿದರು. ಮೊದಲು ಪಾಂಡಿಚೇರಿ ಮಿಷನ್ನಿಗೆ ಸೇರಿ ತಮಿಳು ಸೀಮೆಯಲ್ಲಿ ಸೇವೆ ಮಾಡಿದರು. 1793ರಲ್ಲಿ ಪಾಂಡಿಚೇರಿ ಬ್ರಿಟಿಷರ ವಶವಾಯಿತು. ಊರಿನಲ್ಲಿ ಕ್ರಾಂತಿ, ಇಲ್ಲಿ ಯುದ್ಧ. ಹೀಗೆ ಯಾವ ಕಡೆಯಿಂದಲೂ ಆಸರೆಯಿಲ್ಲದ ತರುಣ ಪಾದ್ರಿ ಈ ನೆಲದ ಜನರ ನಡುವೆಯೇ ಬದುಕಲು ಕಲಿತರು. ಇಲ್ಲಿನವರಂತೆ ಉಡುಪು ತೊಟ್ಟರು, ತಲೆಗೆ ಪೇಟ ಸುತ್ತಿದರು, ಮಾಂಸಾಹಾರ ಬಿಟ್ಟರು, ಭಾಷೆಗಳನ್ನು ಕಲಿತರು.

ಆ ದಿನಗಳ ಮೈಸೂರು ಸೀಮೆ ಹೇಗಿತ್ತೆಂಬುದನ್ನು ತಿಳಿಯದೆ ಅವರ ಕೆಲಸದ ಬೆಲೆ ತಿಳಿಯಲಾರದು. 1767ರಿಂದ 1799ರವರೆಗೆ ಮೈಸೂರಿಗೂ ಬ್ರಿಟಿಷರಿಗೂ ನಾಲ್ಕು ಯುದ್ಧಗಳು ನಡೆದವು. ಎರಡನೆಯ ಯುದ್ಧ ಮುಗಿಯುವ ಹೊತ್ತಿಗೆ, 1784ರಲ್ಲಿ, ಕರಾವಳಿಯ ಕ್ರೈಸ್ತರು ಬ್ರಿಟಿಷರಿಗೆ ನೆರವಾದರೆಂಬ ಶಂಕೆಯ ಮೇಲೆ ಟಿಪ್ಪು ಸುಲ್ತಾನ್ ಅವರನ್ನು ಸಂಸಾರ ಸಮೇತ ಸೆರೆ ಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದನು. ಅವರ ಸಂಖ್ಯೆ ಎಷ್ಟೆಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ದುಬ್ವಾ ಅವರ ಲೆಕ್ಕದಲ್ಲಿ ಅದು 60,000. ದಾರಿಯಲ್ಲೇ ಅನೇಕರು ಸತ್ತರು. ಬದುಕಿದವರಲ್ಲಿ ಬಹಳ ಮಂದಿಯನ್ನು ಬಲವಂತವಾಗಿ ಮತಾಂತರಿಸಲಾಯಿತು, ಯುವಕರನ್ನು ಸೈನ್ಯಕ್ಕೆ ಸೇರಿಸಲಾಯಿತು. ಹದಿನೈದು ವರ್ಷ ಅವರಿಗೆ ಪಾದ್ರಿಗಳಿಲ್ಲ, ಪೂಜೆಯಿಲ್ಲ. ಸೆರೆಗೆ ಬಂದಾಗ ಮಗುವಾಗಿದ್ದವರು ಬಿಡುಗಡೆಯಾಗುವ ಹೊತ್ತಿಗೆ ಮದುವೆಯ ವಯಸ್ಸಿಗೆ ಬಂದಿದ್ದರು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಮಡಿದನು. ಬದುಕುಳಿದ ಸೆರೆಯವರಲ್ಲಿ ಅನೇಕರು ಕರಾವಳಿಗೆ ಮರಳಿದರು. ಹೋಗಲು ಮನೆ, ನೆಲ, ಬಂಧುಗಳಿಲ್ಲದವರು ಅಲ್ಲೇ ಉಳಿದರು. ಮೈಸೂರಿನ ಹಳೆಯ ಕ್ರೈಸ್ತ ಮನೆತನಗಳೂ ಚದುರಿ ಹೋಗಿದ್ದವು. ಈ ಒಡೆದ ಸಮುದಾಯವನ್ನು ಮತ್ತೆ ಕೂಡಿಸುವ ಹೊಣೆ ದುಬ್ವಾ ಅವರ ಹೆಗಲಿಗೆ ಬಿತ್ತು.

ಕೋಟೆ ಬಿದ್ದ ಮಾತ್ರಕ್ಕೆ ಶಾಂತಿ ಬಂದಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಶ್ರೀರಂಗಪಟ್ಟಣದ ಸೆರೆಮನೆಯಿಂದಲೇ ಹೊರಬಿದ್ದ ಧೋಂಡಿಯ ವಾಘ್ ದಂಡು ಕಟ್ಟಿಕೊಂಡು 1800ರ ಸೆಪ್ಟೆಂಬರ್‌ನಲ್ಲಿ ಹತನಾಗುವ ತನಕ ಉತ್ತರದ ಸೀಮೆಯನ್ನು ಅಲ್ಲಾಡಿಸಿದನು. ಹಾಸನದ ಪಶ್ಚಿಮಕ್ಕೆ, ಈಗಿನ ಸಕಲೇಶಪುರದ ಕಾಡುಗಳಲ್ಲಿ, ಬಲಂ ಸೀಮೆಯ ನಾಯಕ 1802ರವರೆಗೆ ಬ್ರಿಟಿಷರ ವಿರುದ್ಧ ಹೋರಾಡಿದನು. ದುಬ್ವಾ ಅವರು ಒಬ್ಬ ಫ್ರೆಂಚ್ ಪ್ರಜೆ. ಬ್ರಿಟಿಷರಿಗೂ ಫ್ರೆಂಚರಿಗೂ ಯುರೋಪಿನಲ್ಲಿ ಯುದ್ಧ ನಡೆಯುತ್ತಿದ್ದ ಕಾಲ. ಇಂಥ ಪರಿಸ್ಥಿತಿಯಲ್ಲಿ ಅವರು ಬ್ರಿಟಿಷ್ ಅಧಿಕಾರಿಗಳ ವಿಶ್ವಾಸ ಗಳಿಸಿ, ಶ್ರೀರಂಗಪಟ್ಟಣದ ಗಂಜಾಂನಲ್ಲಿ ನೆಲೆ ನಿಂತು, ಚದುರಿದ ಜನರನ್ನು ಹುಡುಕಿಕೊಂಡು ಹಳ್ಳಿ ಹಳ್ಳಿ ಸುತ್ತಿದರು.

ಅವರ ಮುಂದೆ ಬಂದ ಮೊದಲ ಪ್ರಶ್ನೆ ಬಲು ಕಠಿಣವಾದುದು. ಬಲವಂತಕ್ಕೆ ಸಿಕ್ಕಿ ಮತ ಬಿಟ್ಟವರು ಮರಳಿ ಬಂದು ಬಾಗಿಲು ತಟ್ಟಿದಾಗ ಏನು ಮಾಡಬೇಕು? ತಮ್ಮ ಬರಹಗಳಲ್ಲಿ ದುಬ್ವಾ ಈ ಜನರ ವಿಷಯದಲ್ಲಿ ನಿಷ್ಠುರರು. ಅಷ್ಟು ಸಾವಿರ ಜನರಲ್ಲಿ ಒಬ್ಬರೂ ಪ್ರಾಣ ಕೊಡಲು ಮುಂದಾಗಲಿಲ್ಲವಲ್ಲ ಎಂದು ಅವರು ನೊಂದು ಬರೆದಿದ್ದಾರೆ. ಈ ತೀರ್ಪು ನ್ಯಾಯವಾದುದೇ ಎಂದು ಇಂದಿನ ಓದುಗರು ಕೇಳಬಹುದು. ಮಕ್ಕಳು ಮರಿಗಳೊಡನೆ ಸೆರೆಯಲ್ಲಿದ್ದವರ ಸಂಕಟ ಹೊರಗಿನವರಿಗೆ ಹೇಗೆ ತಿಳಿದೀತು? ಆದರೆ ಲೇಖನಿ ಹಿಡಿದ ದುಬ್ವಾ ಬೇರೆ, ಜನರ ಮುಂದೆ ನಿಂತ ದೊಡ್ಡಸ್ವಾಮಿ ಬೇರೆ. ಮರಳಿ ಬಂದವರನ್ನು ಅವರು ಹೊರಗೆ ನಿಲ್ಲಿಸಲಿಲ್ಲ. ಧರ್ಮಸಭೆಯ ವಿಧಿಯಂತೆ ಅವರನ್ನು ಮತ್ತೆ ಒಳಗೆ ಬರಮಾಡಿಕೊಂಡರು.

ಪ್ರಾರ್ಥನೆಯೊಂದೇ ಹೊಟ್ಟೆ ತುಂಬಿಸದು ಎಂಬುದನ್ನೂ ಅವರು ಬಲ್ಲವರಾಗಿದ್ದರು. ನೆಲವಿಲ್ಲದ ಕುಟುಂಬ ಎಲ್ಲಿಯೂ ಬೇರು ಬಿಡಲಾರದು. ಅದಕ್ಕಾಗಿ ಹಾಸನದ ಬಳಿಯ ಸಾತಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಕ್ರೈಸ್ತ ರೈತರ ಊರುಗಳನ್ನು ನೆಲೆಗೊಳಿಸಿದರು. ಕತ್ತಿಯ ಭಯದಲ್ಲಿ ಚದುರಿದವರು ನೇಗಿಲು ಹಿಡಿದು ಒಂದೆಡೆ ನಿಂತರು. ಆ ಸೀಮೆಯಲ್ಲಿ ಮುಂದೆ ಬೆಳೆದ ಕ್ರೈಸ್ತ ಧರ್ಮಕೇಂದ್ರಗಳಿಗೆ ಇದೇ ಬುನಾದಿ.

ಅವರ ಇನ್ನೊಂದು ಕೆಲಸ ಜಾತಿ ಮತಗಳ ಗಡಿ ದಾಟಿದ್ದು. ಆ ಕಾಲದಲ್ಲಿ ಯುದ್ಧಕ್ಕಿಂತ ಹೆಚ್ಚು ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದುದು ಸಿಡುಬು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ದೇವಿ ಹಾಕುವ ಹೊಸ ವಿಧಾನವನ್ನು ಪ್ರಕಟಿಸಿದ್ದು 1798ರಲ್ಲಿ. ಅದು ಭಾರತವನ್ನು ಮುಟ್ಟಿದ್ದು 1802ರ ಜೂನ್‌ನಲ್ಲಿ, ಮುಂಬಯಿಯ ಒಬ್ಬ ಪುಟ್ಟ ಬಾಲಕಿಯ ತೋಳಿನ ಮೂಲಕ. ಮರು ವರ್ಷವೇ ದುಬ್ವಾ ಮೈಸೂರು ಸೀಮೆಯಲ್ಲಿ ಈ ಕೆಲಸಕ್ಕೆ ಕೈ ಹಾಕಿದರು. ಶೀತಪೆಟ್ಟಿಗೆಗಳಿಲ್ಲದ ಕಾಲವದು. ಒಂದು ಮಗುವಿಗೆ ದೇವಿ ಹಾಕಿ, ಸುಮಾರು ಎಂಟನೆಯ ದಿನ ಆ ಗುಳ್ಳೆಯ ರಸವನ್ನು ಇನ್ನೊಂದು ಮಗುವಿನ ತೋಳಿಗೆ ದಾಟಿಸಬೇಕು. ಸರಪಳಿ ಎಲ್ಲೂ ಕಡಿಯಬಾರದು. ಸಿಡುಬನ್ನು ಅಮ್ಮನ ಮುನಿಸೆಂದು ನಂಬಿದ್ದ ಊರುಗಳಲ್ಲಿ, ಬೇರೆ ಜಾತಿಯ ಮಗುವಿನ ಮೈಯ ರಸವನ್ನು ತಮ್ಮ ಮಗುವಿಗೆ ಹಾಕಿಸಲು ತಾಯಂದಿರನ್ನು ಒಪ್ಪಿಸುವುದು ಸುಲಭದ ಮಾತಲ್ಲ. ಆದರೂ 1803-04ರಲ್ಲಿ ಅವರ ಮುಂದಾಳತನದಲ್ಲಿ 25,432 ಮಂದಿಗೆ ದೇವಿ ಹಾಕಿಸಿದ ಲೆಕ್ಕ ದಾಖಲಾಗಿದೆ. ಕೆಲವೇ ವರ್ಷಗಳಲ್ಲಿ ಮೈಸೂರಿನ ಅರಮನೆಯೂ ಈ ವಿಧಾನವನ್ನು ಒಪ್ಪಿ ಜನರಿಗೆ ಮಾದರಿಯಾಯಿತು.

ಇಷ್ಟಾದರೂ ಹೊರ ಜಗತ್ತಿನಲ್ಲಿ ದುಬ್ವಾ ಹೆಸರಾದದ್ದು ಒಂದು ಪುಸ್ತಕದಿಂದ. ಹಿಂದೂಗಳ ಆಚಾರ, ವಿಚಾರ, ವಿಧಿಗಳನ್ನು ಕುರಿತ ಅವರ ಫ್ರೆಂಚ್ ಹಸ್ತಪ್ರತಿಯನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ 2,000 ವರಹಗಳಿಗೆ ಕೊಂಡಿತು. 1816ರ ಇಂಗ್ಲಿಷ್ ಅನುವಾದ ಬಹು ಪ್ರಸಿದ್ಧವಾಯಿತು. ಆದರೆ ಅದರ ಬಹುಭಾಗ ಪಾಂಡಿಚೇರಿಯ ಜೆಸ್ವಿಟ್ ಪಾದ್ರಿ ಕೇರ್ದೂ ಅವರ ಹಳೆಯ ಬರಹವನ್ನು ಆಧರಿಸಿದ್ದೆಂದು 1987ರಲ್ಲಿ ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ ತೋರಿಸಿಕೊಟ್ಟರು. ಜಾತಿ ಪದ್ಧತಿಯನ್ನು ಆ ಪುಸ್ತಕ ಸಮರ್ಥಿಸುವ ಬಗೆಯನ್ನೂ ಇಂದು ಒಪ್ಪುವವರು ಕಡಿಮೆ.

1823ರ ಜನವರಿಯಲ್ಲಿ, ಮೂವತ್ತು ವರ್ಷಗಳ ಸೇವೆಯ ನಂತರ, ದುಬ್ವಾ ಮದ್ರಾಸಿನಿಂದ ಹಡಗೇರಿದರು. ಕಂಪನಿ ಅವರಿಗೆ ಪಿಂಚಣಿ ಕೊಟ್ಟಿತು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳು ದೊಡ್ಡ ಚರ್ಚೆಗೆ ಕಾರಣವಾದವು. ಇಪ್ಪತ್ತೈದು ವರ್ಷಗಳಲ್ಲಿ ತಾವು ಹೊಸದಾಗಿ ಕ್ರೈಸ್ತ ಮತಕ್ಕೆ ತಂದವರು ಇನ್ನೂರು ಮುನ್ನೂರು ಮಂದಿ ಮಾತ್ರ, ಅವರಲ್ಲೂ ಹೆಚ್ಚಿನವರು ಅನ್ನವಿಲ್ಲದೆ ಬಂದವರು ಎಂದು ಅವರು ಮುಚ್ಚುಮರೆಯಿಲ್ಲದೆ ಬರೆದರು. ಹಿಂದೂಗಳನ್ನು ಮತಾಂತರಿಸುವ ಪ್ರಯತ್ನವೇ ವ್ಯರ್ಥ ಎಂಬುದು ಅವರ ತೀರ್ಮಾನ. ಪ್ರಾಟೆಸ್ಟೆಂಟ್ ಮಿಷನರಿಗಳು ಇದಕ್ಕೆ ಪುಸ್ತಕಗಳ ಮೂಲಕವೇ ಉತ್ತರ ಕೊಟ್ಟರು. ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ಮುಖ್ಯಸ್ಥರೂ ಆಗಿದ್ದ ದುಬ್ವಾ 1848ರ ಫೆಬ್ರವರಿಯಲ್ಲಿ ತೀರಿಕೊಂಡರು. ಮತ್ತೆ ಮೈಸೂರನ್ನು ನೋಡಲಿಲ್ಲ.

ತಮ್ಮ ಲೆಕ್ಕದಲ್ಲಿ ಅವರು ಸೋತವರು. ಆದರೆ ಮತಕ್ಕೆ ಬಂದವರ ತಲೆ ಎಣಿಸಿದ ಆ ಲೆಕ್ಕದಲ್ಲಿ ದೇವಿ ಹಾಕಿಸಿಕೊಂಡು ಬದುಕಿದ ಮಕ್ಕಳು ಸೇರಿಲ್ಲ, ಸಾತಳ್ಳಿಯ ಹೊಲಗಳು ಸೇರಿಲ್ಲ, ಹದಿನೈದು ವರ್ಷದ ನಂತರ ಮತ್ತೆ ಪೂಜೆಗೆ ಬಂದು ಮೊಣಕಾಲೂರಿದವರು ಸೇರಿಲ್ಲ. ಅವರ ಪುಸ್ತಕದ ಬಗ್ಗೆ ವಿದ್ವಾಂಸರು ಏನೇ ಹೇಳಲಿ, ಯುದ್ಧದಲ್ಲಿ ನೊಂದ ಜನರ ನಡುವೆ ಅವರು ಮಾಡಿದ ಕೆಲಸಕ್ಕೆ ಯಾರ ಹಸ್ತಪ್ರತಿಯ ಆಸರೆಯೂ ಇರಲಿಲ್ಲ.

ರಜೆಗೆ ಊರಿಗೆ ಹೋದಾಗ ನಾವು ಮಕ್ಕಳನ್ನು ಕರೆದುಕೊಂಡು ಶ್ರೀರಂಗಪಟ್ಟಣದಲ್ಲಿ ರಂಗನಾಥಸ್ವಾಮಿ ದೇವಸ್ಥಾನ, ದರಿಯಾ ದೌಲತ್, ಗುಂಬಜ್ ನೋಡಿ ಬರುತ್ತೇವೆ. ಅಲ್ಲೇ ಹತ್ತಿರದ ಗಂಜಾಂನಲ್ಲಿ ಅಬ್ಬೆ ದುಬ್ವಾ ಅವರ ಚರ್ಚೂ ಇದೆ. ಮುಂದಿನ ಸಲ ಒಂದರ್ಧ ಗಂಟೆ ಅಲ್ಲಿಯೂ ನಿಂತು, ದೊಡ್ಡಸ್ವಾಮಿಯವರ ಕಥೆಯನ್ನು ಮಕ್ಕಳಿಗೆ ಹೇಳಿ ಬನ್ನಿ.