ಬೆಣಚುಕಲ್ಲು ಕಲಿಸಿದ ರಾಮನ್ ಪಾಠ

ಅಭ್ಯಾಸ ಬೋಧನೆಗೆ ಕೇಣಿಯ ಶಾಲೆಗೆ ಹೋಗಿದ್ದ ಎರಡನೆಯ ವಾರ. ಎಂಟನೆಯ ತರಗತಿಯ ಹುಡುಗನೊಬ್ಬ ಬಾವಿ ತೋಡಿದ ಮಣ್ಣಿನಲ್ಲಿ ಸಿಕ್ಕ ಹರಳನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದ. ಆರು ಮುಖದ, ನೀರಿನಂತೆ ತಿಳಿಯಾದ ಕಲ್ಲು. ಗಾಜಿನ ಮೇಲೆ ಗೀರಿ ತೋರಿಸಿ, ಇದು ವಜ್ರವಲ್ಲವೇ ಅಕ್ಕೋರೇ ಎಂದು ಕೇಳಿದ. ಪಾಠ ಮುಗಿಸುವ ಅವಸರದಲ್ಲಿದ್ದ ನಾನು ಬರೀ ಬೆಣಚುಕಲ್ಲು ಎಂದುಬಿಟ್ಟೆ. ತರಗತಿ ನಕ್ಕಿತು. ಆಮೇಲೆ ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನನ್ನ ಉತ್ತರ ಸರಿ ಇತ್ತು. ಅದು ನನಗೆ ಹೇಗೆ ಗೊತ್ತಾಯಿತೆಂದು ಮಾತ್ರ ನಾನು ಹೇಳಿರಲಿಲ್ಲ.

ಮುಂದಿನ ಪಾಠಕ್ಕೆ ಸರ್ ಸಿ. ವಿ. ರಾಮನ್ನರ ಬದುಕನ್ನೇ ಪೀಠಿಕೆಯಾಗಿ ಆರಿಸಿಕೊಂಡೆ.

1888ರ ನವೆಂಬರ್ 7ರಂದು ತಿರುಚಿನಾಪಳ್ಳಿಯಲ್ಲಿ ಹುಟ್ಟಿದ ರಾಮನ್, 1907ರಲ್ಲಿ ಎಂ.ಎ. ಮುಗಿಸಿ ಕಲ್ಕತ್ತೆಯಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾದರು. ಕಚೇರಿಯ ಕೆಲಸದ ಆಚೀಚೆ ಉಳಿದ ಹೊತ್ತನ್ನು ಪ್ರಯೋಗಗಳಿಗೆ ಕೊಟ್ಟರು. 1917ರಲ್ಲಿ ಆ ಹುದ್ದೆ ಬಿಟ್ಟು ಪ್ರಾಧ್ಯಾಪಕರಾದರು. 1921ರ ಹಡಗು ಪ್ರಯಾಣದಲ್ಲಿ ಮೆಡಿಟರೇನಿಯನ್ ಕಡಲಿನ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಆ ನೀಲಿ ಆಕಾಶದ ಪ್ರತಿಬಿಂಬ ಮಾತ್ರವೆಂಬ ಅಂದಿನ ವಿವರಣೆಯನ್ನು ಒಪ್ಪದೆ, ಜೊತೆಯಲ್ಲಿದ್ದ ಚಿಕ್ಕ ಉಪಕರಣದಿಂದ ಪರೀಕ್ಷಿಸಿದರು. ಕಡಲದಂಡೆಯ ನನ್ನ ಮಕ್ಕಳು ಇಲ್ಲಿ ಕಿವಿ ನೆಟ್ಟಗೆ ಮಾಡಿದರು.

1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ದೊರಕಿತು; 1930ರಲ್ಲಿ ನೊಬೆಲ್ ಬಂತು. ವಸ್ತುವಿನ ಮೇಲೆ ಬಿದ್ದು ಚದುರುವ ಬೆಳಕಿನ ಒಂದು ಅಲ್ಪ ಭಾಗ ಬಣ್ಣ ಬದಲಿಸುತ್ತದೆ. ಆ ಬದಲಾವಣೆ ಒಂದೊಂದು ವಸ್ತುವಿಗೆ ಒಂದೊಂದು ಬಗೆ, ಬೆರಳಚ್ಚಿನ ಹಾಗೆ. ಪ್ರತಿ ಸೆಂಟಿಮೀಟರಿನ ಲೆಕ್ಕದಲ್ಲಿ ವಜ್ರದ ಗುರುತು 1332, ಬೆಣಚುಕಲ್ಲಿನ ಮುಖ್ಯ ಗುರುತು 464. ಇಂದು ರತ್ನ ಪರೀಕ್ಷಾಲಯಗಳು ಹರಳನ್ನು ಕೆಡಿಸದೆ ಅದರ ಜಾತಿ ಹೇಳುವುದು ಇದೇ ದಾರಿಯಲ್ಲಿ.

1933ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. ವಜ್ರ, ಚಂದ್ರಕಾಂತ ಶಿಲೆ, ಓಪಲ್, ಚಿಪ್ಪು, ಚಿಟ್ಟೆ ಎಲ್ಲವನ್ನೂ ಅಲ್ಲಿ ಕೂಡಿಟ್ಟರು. ಅವರಿಗೆ ಹರಳಿನ ಬೆಲೆ ಅಂಗಡಿಯದ್ದಲ್ಲ, ಅದು ಎಬ್ಬಿಸುವ ಪ್ರಶ್ನೆಯದ್ದು. 1970ರ ನವೆಂಬರ್ 21ರಂದು ತೀರಿಕೊಂಡರು.

ಕಥೆ ಮುಗಿಸಿ ಆ ಹುಡುಗನಿಂದ ಹರಳು ಕೇಳಿ ಪಡೆದೆ. ಗಾಜಿನ ಗಡಸುತನ ಸುಮಾರು 5.5, ಬೆಣಚುಕಲ್ಲಿನದು 7, ವಜ್ರದ್ದು 10. ಆದ್ದರಿಂದ ಗಾಜನ್ನು ಗೀರಿದ್ದೆಲ್ಲ ವಜ್ರವಲ್ಲ. ಇನ್ನೊಂದು ಪರೀಕ್ಷೆಯನ್ನು ಅವನಿಂದಲೇ ಮಾಡಿಸಿದೆ. ತಕ್ಕಡಿಯಲ್ಲಿ ತೂಗಿದಾಗ 53 ಗ್ರಾಂ. ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದಾಗ 33. ಕಡಿಮೆಯಾದ 20ರಿಂದ 53ನ್ನು ಭಾಗಿಸಿ 2.65 ಎಂದು ಕಪ್ಪುಹಲಗೆಯ ಮೇಲೆ ಅವನೇ ಬರೆದ. ವಜ್ರವಾಗಿದ್ದರೆ ಸುಮಾರು 3.5 ಬರಬೇಕಿತ್ತು. ಬೆಣಚುಕಲ್ಲೆಂದು ಈ ಸಲ ಅವನೇ ಹೇಳಿದ, ಯಾರೂ ನಗಲಿಲ್ಲ.

ಸಂಗ್ರಹಕಾರರು ಹರಳಿನ ಮುಖಗಳು ಮುಕ್ಕಾಗದಿರುವುದನ್ನೂ ಸಿಕ್ಕಿದ ಜಾಗದ ದಾಖಲೆಯನ್ನೂ ನೋಡಿ ಬೆಲೆ ಕಟ್ಟುತ್ತಾರೆಂದು ತಿಳಿಸಿದೆ. ಅವನು ಚೀಟಿಯಲ್ಲಿ ಊರು, ಬಾವಿ, ದಿನಾಂಕ ಬರೆದು ಕಲ್ಲಿನೊಂದಿಗೆ ಶಾಲೆಯ ಕಪಾಟಿನಲ್ಲಿಟ್ಟ. ಮರುದಿನ ಮೂವರು ಹೊಸ ಕಲ್ಲು ತಂದರು. ಪಾಠಯೋಜನೆಯ ಮೌಲ್ಯಮಾಪನದ ಕಲಮಿನಲ್ಲಿ ನಾನು ಬರೆದದ್ದು ಅಷ್ಟನ್ನೇ.