ಅಮೀರಬಾಯಿ ಕರ್ನಾಟಕಿ

ಅಮೀರಬಾಯಿ ಕರ್ನಾಟಕಿ (ಸು. ೧೯೦೬ – ಮಾರ್ಚ್ ೩, ೧೯೬೫) ಅವರು ಹಿಂದಿ ಚಲನಚಿತ್ರರಂಗದ ಪ್ರಖ್ಯಾತ ಹಿನ್ನೆಲೆ ಗಾಯಕಿ, ನಟಿ ಹಾಗೂ ಸಂಗೀತ ಸಂಯೋಜಕಿ. ಅವಿಭಜಿತ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಜನಿಸಿದ ಇವರು ೧೯೪೦ರ ದಶಕದಲ್ಲಿ ದೇಶದ ಅತ್ಯಂತ ಜನಪ್ರಿಯ ಗಾಯಕಿಯರ ಸಾಲಿನಲ್ಲಿದ್ದರು. ಇವರಿಗೆ 'ಕನ್ನಡ ಕೋಗಿಲೆ' ಎಂಬ ಬಿರುದಿತ್ತು. ವಿರಹ, ಭಕ್ತಿ ಮತ್ತು ಹೆಣ್ಣಿನ ಅಂತರಂಗದ ನೋವನ್ನು ತೋಡಿಕೊಳ್ಳುವ ಗೀತೆಗಳಿಗೆ ಇವರ ಕಂಠ ಹೆಸರಾಗಿತ್ತು.

ಜನನ ಮತ್ತು ಹಿನ್ನೆಲೆ

ಅಮೀರಬಾಯಿಯವರು ಹುಟ್ಟಿದ ಕಾಲದಲ್ಲಿ ವಿಜಾಪುರ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳಂತೆಯೇ ಬಾಗಲಕೋಟೆ, ಬಾದಾಮಿ, ಬೀಳಗಿ ಸೀಮೆಗಳೂ ಅದರೊಳಗಿದ್ದವು. ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾದಾಗ ಬೀಳಗಿ ಹೊಸ ಜಿಲ್ಲೆಗೆ ಸೇರಿತು. ಈ ಕಾರಣದಿಂದ ಎರಡೂ ಜಿಲ್ಲೆಗಳ ಜನ ಅಮೀರಬಾಯಿಯವರನ್ನು ತಮ್ಮವರೆಂದೇ ಭಾವಿಸುತ್ತಾರೆ.

ಆ ಭಾಗದಲ್ಲಿ ಕನ್ನಡ ಮತ್ತು ಮರಾಠಿ ನಾಟಕ ಕಂಪನಿಗಳ ಸಂಚಾರ ನಿರಂತರವಾಗಿತ್ತು. ರಂಗಗೀತೆ, ಭಜನೆ, ಕವ್ವಾಲಿ ಮತ್ತು ಹಿಂದುಸ್ತಾನಿ ಸಂಗೀತ ಒಂದೇ ಊರಿನಲ್ಲಿ ಕಿವಿಗೆ ಬೀಳುತ್ತಿದ್ದವು. ಆದರೆ ಹೆಣ್ಣುಮಕ್ಕಳು ರಂಗವನ್ನೇರಿ ಹಾಡುವುದನ್ನು ಅಂದಿನ ಸಮಾಜ ಗೌರವದಿಂದ ಕಾಣುತ್ತಿರಲಿಲ್ಲ. ಐವರು ಸಹೋದರಿಯರಲ್ಲಿ ಒಬ್ಬರಾದ ಅಮೀರಬಾಯಿಯವರಿಗೆ ಅಕ್ಕ ಗೋಹರಬಾಯಿಯವರೇ ದಾರಿ ತೋರಿದರು. ಗೋಹರಬಾಯಿಯವರೂ ಗಾಯಕಿ ಮತ್ತು ನಟಿ. ಅವರು ಮರಾಠಿ ರಂಗಭೂಮಿಯ ಮಹಾನ್ ನಟ ಬಾಲಗಂಧರ್ವರ ಮಂಡಳಿಯನ್ನು ಸೇರಿ, ಮುಂದೆ ಅವರನ್ನೇ ವಿವಾಹವಾದರು.

'ಕರ್ನಾಟಕಿ' ಎಂಬುದು ಮುಂಬಯಿಯ ಕಲಾವಲಯದಲ್ಲಿ ಕನ್ನಡ ಸೀಮೆಯಿಂದ ಬಂದವರನ್ನು ಗುರುತಿಸುತ್ತಿದ್ದ ಹೆಸರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಅಧಿಕೃತವಾಗಿ ಬಂದದ್ದು ೧೯೭೩ರ ನವೆಂಬರ್ ೧ರಂದು. ಅದಕ್ಕೂ ನಾಲ್ಕು ದಶಕಗಳ ಮೊದಲೇ ಈ ಸಹೋದರಿಯರ ಮೂಲಕ ಆ ಹೆಸರು ಧ್ವನಿಮುದ್ರಿಕೆಗಳ ಮೇಲೆ ಅಚ್ಚಾಗಿ ದೇಶದ ಮನೆಮನೆಗೆ ತಲುಪಿತ್ತು.

ವೃತ್ತಿಜೀವನ

ಅಮೀರಬಾಯಿಯವರು ಎಳೆಯ ವಯಸ್ಸಿನಲ್ಲಿಯೇ ಮುಂಬಯಿಗೆ ತೆರಳಿದರು. ಅವರು ಹಾಡಿದ ಒಂದು ಕವ್ವಾಲಿ ಎಚ್.ಎಂ.ವಿ. ಗ್ರಾಮಫೋನ್ ಕಂಪನಿಯ ಗಮನ ಸೆಳೆದು ಅವರಿಗೆ ಮೊದಲ ಮನ್ನಣೆ ದೊರಕಿಸಿಕೊಟ್ಟಿತು. ಅಕ್ಕನ ನೆರವಿನಿಂದ ೧೯೩೪ರ 'ವಿಷ್ಣುಭಕ್ತಿ' ಚಿತ್ರದಲ್ಲಿ ನಟಿಸುವ ಅವಕಾಶ ಸಿಕ್ಕಿತು. ಆಗ ನಟಿಯರು ತಮ್ಮ ಹಾಡುಗಳನ್ನು ತಾವೇ ಹಾಡಬೇಕಾಗಿತ್ತು. ೧೯೩೫ರ ನಂತರ ಹಿನ್ನೆಲೆ ಗಾಯನದ ಪದ್ಧತಿ ಬೇರೂರುತ್ತ ಹೋದಂತೆ, ಉತ್ತಮ ಕಂಠವುಳ್ಳವರು ತೆರೆಯ ಮೇಲೆ ಕಾಣಿಸಿಕೊಳ್ಳದೆಯೂ ಹೆಸರು ಗಳಿಸುವುದು ಸಾಧ್ಯವಾಯಿತು. ಅಮೀರಬಾಯಿಯವರ ನಿಜವಾದ ಏಳಿಗೆ ಆರಂಭವಾದದ್ದು ಈ ಬದಲಾವಣೆಯಿಂದಲೇ.

೧೯೪೩ರಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯ 'ಕಿಸ್ಮತ್' ತೆರೆಕಂಡಿತು. ಜ್ಞಾನ್ ಮುಖರ್ಜಿ ಅದರ ನಿರ್ದೇಶಕರು, ಅನಿಲ್ ಬಿಸ್ವಾಸ್ ಸಂಗೀತ ನಿರ್ದೇಶಕರು, ಗೀತೆಗಳು ಕವಿ ಪ್ರದೀಪರವು. ಕುಂಟುವ ಕಾಲಿನಿಂದಾಗಿ ನೃತ್ಯವನ್ನು ತೊರೆಯಬೇಕಾದ ನಾಯಕಿಗೆ ಅಮೀರಬಾಯಿಯವರು ಕಂಠದಾನ ಮಾಡಿದರು. ಚಿತ್ರವು ಕಲ್ಕತ್ತದ ರಾಕ್ಸಿ ಚಿತ್ರಮಂದಿರ ಒಂದರಲ್ಲಿಯೇ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಅವರು ಖಾನ್ ಮಸ್ತಾನ ಅವರೊಂದಿಗೆ ಹಾಡಿದ ದೇಶಭಕ್ತಿಗೀತೆಯು ಹೊರಗಿನವರು ಭಾರತದಿಂದ ತೊಲಗಲೆಂದು ಕರೆ ಕೊಡುತ್ತಿತ್ತು. ಅದರಲ್ಲಿ ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಶತ್ರುಗಳಾಗಿದ್ದ ಜರ್ಮನ್ನರ ಮತ್ತು ಜಪಾನೀಯರ ಹೆಸರಿದ್ದುದರಿಂದ ಅದು ಸೆನ್ಸಾರ್ ಕಣ್ಣು ತಪ್ಪಿಸಿಕೊಂಡಿತು. ಕೇಳಿದ ಜನತೆಗೆ ಅದರ ಗುರಿ ಯಾರೆಂಬುದು ತಿಳಿಯದೆ ಇರಲಿಲ್ಲ.

ಮರುವರ್ಷ ನೌಶಾದ್ ಅವರ ಸಂಗೀತದ 'ರತನ್' ಚಿತ್ರ ಅವರ ಕೀರ್ತಿಯನ್ನು ಇನ್ನಷ್ಟು ಹೆಚ್ಚಿಸಿತು. ೧೯೪೬ರ ಗುಜರಾತಿ ಚಿತ್ರ 'ರಾಣಕದೇವಿ'ಯಲ್ಲಿ ಅವರು ಹಾಡಿದ ಗೀತೆ ಗುಜರಾತಿನಲ್ಲಿ ಜನಜನಿತವಾಯಿತು. ೧೯೪೮ರಲ್ಲಿ 'ಶಹನಾಜ್' ಚಿತ್ರಕ್ಕೆ ಸ್ವತಃ ಸಂಗೀತ ಸಂಯೋಜಿಸಿದರು. ಸಂಗೀತ ನಿರ್ದೇಶನವು ಬಹುಪಾಲು ಪುರುಷರ ಕೈಯಲ್ಲಿಯೇ ಇದ್ದ ಆ ಕಾಲದಲ್ಲಿ ಇದು ದೊಡ್ಡ ಸಾಹಸವೇ ಸರಿ. ಒಟ್ಟಾರೆ ಸುಮಾರು ೧೫೦ ಚಿತ್ರಗಳಲ್ಲಿ ೩೮೦ರಷ್ಟು ಗೀತೆಗಳನ್ನು ಅವರು ಹಾಡಿದ್ದಾರೆಂದು ಅಂದಾಜು ಮಾಡಲಾಗಿದೆ.

ಗಾಯನದ ವೈಶಿಷ್ಟ್ಯ

ಅಮೀರಬಾಯಿಯವರದು ತುಸು ಅನುನಾಸಿಕವಾದ, ತುಂಬಿದ ಕಂಠ. ರಂಗಗೀತೆಯ ಸ್ಪಷ್ಟ ಉಚ್ಚಾರಣೆ ಮತ್ತು ಠುಮ್ರಿಯ ಭಾವಪೂರ್ಣತೆ ಅದರಲ್ಲಿ ಒಂದುಗೂಡಿದ್ದವು. ಸ್ತ್ರೀಯರ ಬದುಕನ್ನು ಬಿಂಬಿಸುವ ಅವರ ಗೀತೆಗಳನ್ನು ಕೇಳಬಯಸುವವರಿಗೆ ಮೂರು ಚಿತ್ರಗಳು ಮುಖ್ಯವಾದವು. ಊರೆಲ್ಲ ದೀಪಾವಳಿಯ ಬೆಳಕಿನಲ್ಲಿರುವಾಗ ತನ್ನ ಮನೆಯೊಂದೇ ಕತ್ತಲಾದ ಹೆಣ್ಣಿನ ಅಳಲು 'ಕಿಸ್ಮತ್'ನಲ್ಲಿದೆ. ಪ್ರಿಯನಿಂದ ಅಗಲಿದವಳ ವೇದನೆ 'ರತನ್'ನಲ್ಲಿದೆ. ವಿಧವಾ ವಿವಾಹವನ್ನು ವಸ್ತುವಾಗಿಸಿಕೊಂಡ ೧೯೪೭ರ 'ಸಿಂದೂರ್'ನಲ್ಲಿ, ಮುನಿದ ದೇವರನ್ನು ಒಲಿಸಿಕೊಳ್ಳಲು ಹಂಬಲಿಸುವ ಮೊರೆಯಿದೆ. 'ವೈಷ್ಣವ ಜನತೋ' ಭಜನೆಯನ್ನೂ ಅವರು ಹಾಡಿದ್ದು, ಮಹಾತ್ಮ ಗಾಂಧಿಯವರು ಅದನ್ನು ಮೆಚ್ಚಿದ್ದರೆಂಬ ಮಾತು ಪ್ರಚಲಿತವಾಗಿದೆ.

ವೈಯಕ್ತಿಕ ಜೀವನ

ಗೀತೆಗಳಲ್ಲಿ ವ್ಯಕ್ತವಾದ ದುಃಖ ಅವರ ಬದುಕಿನಲ್ಲಿಯೂ ಇತ್ತು. ಚಿತ್ರನಟ ಹಿಮಾಲಯವಾಲಾ ಅವರೊಂದಿಗಿನ ಮೊದಲ ವಿವಾಹ ಹಿಂಸೆ ಮತ್ತು ಕಲಹಗಳಿಂದ ತುಂಬಿತ್ತು. ಕೈತುಂಬ ಸಂಪಾದನೆಯಿದ್ದೂ, ದೇಶವೆಲ್ಲ ಹೆಸರು ಬಲ್ಲದ್ದಾಗಿದ್ದೂ, ಆ ಬಂಧನದಿಂದ ಹೊರಬರಲು ಅವರು ಹೋರಾಡಬೇಕಾಯಿತು. ಕೊನೆಗೆ ವಿಚ್ಛೇದನ ಪಡೆದು, ಹಾಡುವುದನ್ನು ಬಿಡದೆ ಮುಂದುವರಿಸಿದರು. ದೇಶವಿಭಜನೆಯ ನಂತರ ಹಿಮಾಲಯವಾಲಾ ಪಾಕಿಸ್ತಾನಕ್ಕೆ ಹೋದರು. ಮುಂದೆ ಪತ್ರಿಕಾ ಸಂಪಾದಕ ಬದ್ರಿ ಕಾಂಚವಾಲಾ ಅವರೊಂದಿಗಿನ ದಾಂಪತ್ಯ ಅಮೀರಬಾಯಿಯವರಿಗೆ ನೆಮ್ಮದಿ ತಂದಿತು.

ಕೊನೆಯ ವರ್ಷಗಳು

೧೯೪೯ರ ಹೊತ್ತಿಗೆ ಲತಾ ಮಂಗೇಶ್ಕರ್ ಅವರ ತೆಳುವಾದ, ಎತ್ತರದ ಸ್ಥಾಯಿಯ ಕಂಠ ಚಿತ್ರಸಂಗೀತದ ಅಭಿರುಚಿಯನ್ನೇ ಬದಲಿಸಿತು. ಜೋಹರಾಬಾಯಿ ಅಂಬಾಲೆವಾಲಿ ಮೊದಲಾದ ತುಂಬುಕಂಠದ ಗಾಯಕಿಯರಂತೆ ಅಮೀರಬಾಯಿಯವರಿಗೂ ಅವಕಾಶಗಳು ಕಡಿಮೆಯಾದವು. ಅವರು ಪೋಷಕ ಪಾತ್ರಗಳತ್ತ ಹೊರಳಿದರು. ಪಾರ್ಶ್ವವಾಯುವಿಗೆ ತುತ್ತಾಗಿ ೧೯೬೫ರ ಮಾರ್ಚ್ ೩ರಂದು ನಿಧನರಾದರು. ಅವರ ಅಂತ್ಯಸಂಸ್ಕಾರ ವಿಜಾಪುರದಲ್ಲಿ ನಡೆಯಿತು.

ಸ್ಮರಣೆ

ವಿಜಾಪುರದ ಅಮೀರ್ ಟಾಕೀಸ್ ಚಿತ್ರಮಂದಿರ ಅವರ ಹೆಸರನ್ನು ಊರಿನ ನಾಲಗೆಯ ಮೇಲೆ ಉಳಿಸಿತು. ವಿದ್ವಾಂಸ ರಹಮತ್ ತರೀಕೆರೆ ಅವರು ಅಮೀರಬಾಯಿಯವರ ಜೀವನವನ್ನು ಕುರಿತು ಕನ್ನಡದಲ್ಲಿ ಗ್ರಂಥ ರಚಿಸಿದ್ದಾರೆ. ಅವರು ಹಾಡಿದ ಗೀತೆಗಳಲ್ಲಿ ಹಲವು ಇಂದಿಗೂ ಕೇಳಲು ಲಭ್ಯವಿವೆ. ಬೀಳಗಿಯಂತಹ ಸಣ್ಣ ಊರಿನಿಂದ ಹೊರಟು, ನಾಡಿನ ಹೆಸರನ್ನೇ ತನ್ನ ಹೆಸರಾಗಿಸಿಕೊಂಡು ದೇಶವನ್ನು ಮುಟ್ಟಿದ ಮೊದಲ ತಲೆಮಾರಿನ ಕಲಾವಿದೆಯರಲ್ಲಿ ಅಮೀರಬಾಯಿ ಕರ್ನಾಟಕಿಯವರಿಗೆ ವಿಶಿಷ್ಟ ಸ್ಥಾನವಿದೆ.