ಒಂದು ಲಂಗದಿಂದ ಶುರುವಾದ ಊರು

1872ರ ಬೇಸಿಗೆ. ಸ್ವೀಡನ್ ದೇಶದ ಡಾಲಾರ್ನಾ ಪ್ರಾಂತ್ಯದಲ್ಲಿ ಸ್ಟಾಕ್‌ಹೋಮ್‌ನಿಂದ ಬಂದ ಮಾಜಿ ಮೇಷ್ಟ್ರೊಬ್ಬ ಹೆಂಡತಿಯ ಜೊತೆ ಹಳ್ಳಿಗಳನ್ನು ಸುತ್ತುತ್ತಿದ್ದ. ವಯಸ್ಸು 38. ನಾಲ್ಕು ವರ್ಷದ ಹಿಂದೆಯೇ ಪಾಠ ಹೇಳುವ ಕೆಲಸ ಬಿಟ್ಟಿದ್ದ. ಆ ಪ್ರವಾಸದಲ್ಲಿ ಆತ ಸ್ಟೂರಾ ತೂನಾ ಎಂಬ ಊರಿನ ಕಡೆಯ ಒಂದು ಉಣ್ಣೆಯ ಲಂಗ ಕೊಂಡ. ರಾಜರ ಕಾಲದ ಕತ್ತಿಯಲ್ಲ, ಚಿನ್ನದ ಒಡವೆಯಲ್ಲ. ರೈತಾಪಿ ಹೆಂಗಸರು ಉಡುವ ಒಂದು ಸಾಮಾನ್ಯ ಲಂಗ.

ಆ ಮೇಷ್ಟ್ರ ಹೆಸರು ಆರ್ಟುರ್ ಹಜೇಲಿಯಸ್. ಇಂದು ಜಗತ್ತಿನಲ್ಲಿ ಎಲ್ಲೆಲ್ಲಿ ಹಳೆಯ ಮನೆಗಳನ್ನು ತಂದು ನಿಲ್ಲಿಸಿ, ಅವುಗಳಲ್ಲಿ ಒಲೆ ಹೊತ್ತಿಸಿ, ಮಗ್ಗ ಆಡಿಸಿ, ಹಿಂದಿನವರ ಬದುಕನ್ನು ಕಣ್ಣೆದುರಿಗೆ ತೋರಿಸುವ ಬಯಲು ವಸ್ತುಸಂಗ್ರಹಾಲಯಗಳಿವೆಯೋ, ಅಲ್ಲೆಲ್ಲ ಈತನ ನೆರಳಿದೆ. ಹಾಗೆಂದು ಈತ ಎಲ್ಲವನ್ನೂ ಒಬ್ಬನೇ ಮಾಡಿದ ಸಾಹಸಿ ಅಂದುಕೊಳ್ಳಬೇಡಿ. ಕೇಳುವುದಕ್ಕೂ ಹಂಚಿಕೊಳ್ಳುವುದಕ್ಕೂ ನಾಚಿಕೆ ಪಡದವನು ಎಂಬುದೇ ಈತನ ವಿಶೇಷ.

ಹಜೇಲಿಯಸ್ ಹುಟ್ಟಿದ್ದು 1833ರ ನವೆಂಬರ್ 30ರಂದು, ಸ್ಟಾಕ್‌ಹೋಮ್‌ನಲ್ಲಿ. ತಂದೆ ಸೇನಾಧಿಕಾರಿ, ರಾಜಕೀಯದ ಬಗ್ಗೆ ಬರೆಯುತ್ತಿದ್ದವರು ಕೂಡ. ಮಗ 1854ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯ ಸೇರಿ, 1860ರಲ್ಲಿ ಡಾಕ್ಟರೇಟ್ ಪಡೆದ. ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ನ ಜನರೆಲ್ಲ ಒಂದೇ ಬಳಗ, ಒಟ್ಟಿಗೆ ನಡೆಯಬೇಕು ಎಂಬ ಚಳವಳಿ ಆಗ ವಿದ್ಯಾರ್ಥಿಗಳಲ್ಲಿ ಜೋರಾಗಿತ್ತು. ಅದರ ಗುಂಗು ಆತನನ್ನು ಕೊನೆಯವರೆಗೂ ಬಿಡಲಿಲ್ಲ.

ಓದು ಮುಗಿಸಿದ ಮೇಲೆ ಸ್ವೀಡಿಷ್ ಭಾಷೆಯ ಮೇಷ್ಟ್ರಾದ. ಶಿಕ್ಷಕಿಯರನ್ನು ತಯಾರು ಮಾಡುವ ಕಾಲೇಜಿನಲ್ಲೂ ಪಾಠ ಹೇಳಿದ. 1868ರಲ್ಲಿ ಅದನ್ನೆಲ್ಲ ಬಿಟ್ಟು ಭಾಷೆಯ ಕಾಗುಣಿತ ಸುಧಾರಿಸುವ ಕೆಲಸಕ್ಕೆ ಇಳಿದ. ಉಚ್ಚರಿಸುವ ಹಾಗೆ ಬರೆಯುವಂತಾಗಬೇಕು, ನೆರೆಯ ದೇಶಗಳ ಬರಹಗಳೂ ಒಂದಕ್ಕೊಂದು ಹತ್ತಿರವಾಗಬೇಕು ಎಂಬುದು ಆಸೆ. 1869ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮೂರೂ ದೇಶಗಳ ಪಂಡಿತರು ಇದಕ್ಕಾಗಿ ಸೇರಿದರು. ಅದರ ವರದಿ ಬರೆದು 1871ರಲ್ಲಿ ಪ್ರಕಟಿಸಿದವನು ಹಜೇಲಿಯಸ್. ಆದರೆ ಸ್ವೀಡಿಷ್ ಅಕಾಡೆಮಿ ಒಪ್ಪಲಿಲ್ಲ. 1874ರಲ್ಲಿ ಅದು ಹೊರತಂದ ಪದಪಟ್ಟಿ ಹಳೆಯ ಕಾಗುಣಿತಕ್ಕೇ ಅಂಟಿಕೊಂಡಿತು. ವರ್ಷಗಟ್ಟಲೆ ಪಟ್ಟ ಶ್ರಮ ಕೈಗೆ ಹತ್ತಲಿಲ್ಲ.

ಡಾಲಾರ್ನಾ ಪ್ರವಾಸ ಬಂದದ್ದು ಇದೇ ಹೊತ್ತಿನಲ್ಲಿ. ಸ್ವೀಡನ್ನಿನಲ್ಲಿ ಆಗ ರೈಲು ಹಳಿಗಳು ಹಬ್ಬುತ್ತಿದ್ದವು. ಕಾರ್ಖಾನೆಯ ಅಗ್ಗದ ಬಟ್ಟೆ ಹಳ್ಳಿಯ ಅಂಗಡಿಗೆ ಬಂದು ಮನೆಯ ಮಗ್ಗ ಮೂಲೆ ಸೇರುತ್ತಿತ್ತು. ಬಡತನ ತಾಳಲಾರದೆ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಿದ್ದರು. 19ನೇ ಶತಮಾನದ ನಡುವಿನಿಂದ ಮುಂದಿನ ಕೆಲವು ದಶಕಗಳಲ್ಲಿ ಹಾಗೆ ಹೋದವರು 10 ಲಕ್ಷಕ್ಕೂ ಹೆಚ್ಚು. ಒಂದೊಂದು ಊರಿಗೆ ಒಂದೊಂದು ಬಗೆಯಿದ್ದ ಉಡುಗೆ, ಪಾತ್ರೆ, ಪೆಟ್ಟಿಗೆಗಳು ಹರಾಜಾಗುತ್ತಿದ್ದವು, ಇಲ್ಲವೇ ಒಲೆಗೆ ಹೋಗುತ್ತಿದ್ದವು. ಹತ್ತಿಪ್ಪತ್ತು ವರ್ಷ ತಡ ಮಾಡಿದರೆ ಕೂಡಿಡುವುದಕ್ಕೆ ಏನೂ ಉಳಿಯುವುದಿಲ್ಲ ಎಂದು ಹಜೇಲಿಯಸ್‌ಗೆ ಅನ್ನಿಸಿತು.

ಅಲ್ಲಿಂದ ಹುಚ್ಚು ಹಿಡಿದವನಂತೆ ಸಂಗ್ರಹಕ್ಕೆ ನಿಂತ. ಒಬ್ಬನೇ ಎಷ್ಟು ಊರು ಸುತ್ತಲಾದೀತು? ಪ್ರಾಂತ್ಯ ಪ್ರಾಂತ್ಯಗಳಲ್ಲಿದ್ದ ಪಾದ್ರಿಗಳು, ಮೇಷ್ಟ್ರುಗಳು, ಚಿತ್ರಕಾರರು, ವಿದ್ಯಾರ್ಥಿಗಳಿಗೆ ಕಾಗದ ಬರೆದ. ಅವರು ತಮ್ಮ ತಮ್ಮ ಕಡೆಯಿಂದ ಸಾಮಾನು ಹುಡುಕಿ ಕಳಿಸಿದರು. 1873ರ ಅಕ್ಟೋಬರ್ 24ರಂದು ಸ್ಟಾಕ್‌ಹೋಮ್‌ನ ಡ್ರಾಟ್ನಿಂಗ್‌ಗಾತನ್ ಬೀದಿಯಲ್ಲಿ ಮೊದಲ ಪ್ರದರ್ಶನ ತೆರೆಯಿತು. ಅದರ ಹೆಸರಿನಲ್ಲಿ ಸ್ವೀಡನ್ ಇರಲಿಲ್ಲ, ಸ್ಕ್ಯಾಂಡಿನೇವಿಯಾ ಇತ್ತು. ಗಾಜಿನ ಕಪಾಟಿನಲ್ಲಿ ಸಾಮಾನು ಜೋಡಿಸಿ ಚೀಟಿ ಅಂಟಿಸುವುದು ಆಗಿನ ರೂಢಿ. ಹಜೇಲಿಯಸ್ ಹಾಗೆ ಮಾಡದೆ, ನಾಟಕದ ರಂಗದ ಹಾಗೆ ಒಂದು ಬದಿ ತೆರೆದ ಕೋಣೆಗಳನ್ನು ಕಟ್ಟಿಸಿ, ಹಳ್ಳಿಯ ಉಡುಗೆ ತೊಡಿಸಿದ ಆಳೆತ್ತರದ ಗೊಂಬೆಗಳನ್ನು ನಿಲ್ಲಿಸಿದ. ನೋಡಲು ಬಂದವರಿಗೆ ವಿವರಿಸಲು ಡಾಲಾರ್ನಾದ ಉಡುಪು ತೊಟ್ಟ ಹುಡುಗಿಯರಿದ್ದರು.

ಕೆಲಸ ಕುದುರುತ್ತಿದ್ದ ಹೊತ್ತಿಗೆ ಮನೆಯಲ್ಲಿ ಬರಸಿಡಿಲು ಎರಗಿತು. 1874ರಲ್ಲಿ ಮಗ ಗುನ್ನಾರ್ ಹುಟ್ಟಿದ. ಹೆರಿಗೆಯ ಬೆನ್ನಲ್ಲೇ ಹೆಂಡತಿ ಸೋಫಿಯಾ ತೀರಿಕೊಂಡಳು. ಡಾಲಾರ್ನಾದ ದಾರಿಯಲ್ಲಿ ಜೊತೆಗಿದ್ದವಳು ಅವಳು. ಆಮೇಲಿನ 27 ವರ್ಷ ಆತ ದುಡಿದದ್ದು ಅವಳಿಲ್ಲದೆ.

1878ರಲ್ಲಿ ಪ್ಯಾರಿಸ್‌ನಲ್ಲಿ ವಿಶ್ವ ಪ್ರದರ್ಶನ ನಡೆಯಿತು. ಹಜೇಲಿಯಸ್ ತನ್ನ ಗೊಂಬೆ ದೃಶ್ಯಗಳನ್ನು ಅಲ್ಲಿಗೂ ಒಯ್ದ. ಅದರಲ್ಲೊಂದು, ಚಿತ್ರಕಾರ್ತಿ ಅಮಾಲಿಯಾ ಲಿಂಡೆಗ್ರೆನ್ ಬರೆದ ಚಿತ್ರವನ್ನು ಆಧರಿಸಿದ್ದು: ತೀರಿಕೊಂಡ ಕೂಸಿನ ತೊಟ್ಟಿಲ ಸುತ್ತ ನಿಂತ ರೈತ ಕುಟುಂಬ. ಭಾಷೆ ಬಾರದವರಿಗೂ ಆ ದುಃಖ ಅರ್ಥವಾಗುತ್ತಿತ್ತು. ಅದನ್ನೆಲ್ಲ ನೋಡಿದವರಲ್ಲಿ ಡೆನ್ಮಾರ್ಕಿನ ಬೆರ್ನ್‌ಹಾರ್ಡ್ ಓಲ್ಸೆನ್ ಒಬ್ಬ. ಆತ ಊರಿಗೆ ಮರಳಿ ಅದೇ ದಾರಿ ಹಿಡಿದ. 1885ರಲ್ಲಿ ಕೋಪನ್‌ಹೇಗನ್‌ನಲ್ಲಿ ಜನಪದ ಸಂಗ್ರಹಾಲಯ, 1897ರಲ್ಲಿ ಬಯಲು ಸಂಗ್ರಹಾಲಯ ತೆರೆದ.

1880ರಲ್ಲಿ ಹಜೇಲಿಯಸ್ ತಾನು ಕೂಡಿಟ್ಟದ್ದನ್ನೆಲ್ಲ ಒಂದು ಪ್ರತಿಷ್ಠಾನಕ್ಕೆ ಬರೆದುಕೊಟ್ಟ. ಅದೇ ನಾರ್ಡಿಕ್ ಮ್ಯೂಸಿಯಂ. ಅಂದರೆ, ಬದುಕಿನ ಸಂಪಾದನೆ ಆತನ ಸ್ವಂತದ ಆಸ್ತಿಯಾಗಿ ಉಳಿಯಲಿಲ್ಲ. ದುಡ್ಡಿಗಾಗಿ ಲಾಟರಿ ಮಾಡಿದ, ಹಬ್ಬ ನಡೆಸಿದ, ಮನವಿ ಮೇಲೆ ಮನವಿ ಬರೆದ.

ಗೊಂಬೆಯಿಟ್ಟ ಮೂರು ಗೋಡೆಯ ಕೋಣೆಯಲ್ಲಿ ಏನೋ ಕೊರತೆಯಿತ್ತು. ಅಂಗಳ, ಮರ, ಕೊಟ್ಟಿಗೆ, ಹೊಗೆ ಇಲ್ಲದೆ ಮನೆ ಮನೆಯಾಗುವುದಿಲ್ಲ. ನಾರ್ವೆಯಲ್ಲಿ ದೊರೆ ಎರಡನೇ ಆಸ್ಕರ್ 1881ರಿಂದ ಹಳೆಯ ಕಟ್ಟಡಗಳನ್ನು ಒಂದು ಕಡೆ ತಂದು ನಿಲ್ಲಿಸಲು ಶುರು ಮಾಡಿದ್ದ. ಗೋಲ್ ಎಂಬ ಊರಿನ ಪುರಾತನ ಮರದ ಚರ್ಚ್ ಕೂಡ ಹಾಗೆ ಸ್ಥಳಾಂತರವಾಗಿತ್ತು. ಹಾಗಾಗಿ ಕಟ್ಟಡ ಸಾಗಿಸುವ ಯೋಚನೆ ಮೊದಲು ಹೊಳೆದದ್ದು ಹಜೇಲಿಯಸ್‌ಗೇ ಎನ್ನಲಾಗದು. ಆತ ಸೇರಿಸಿದ್ದು ಜೀವವನ್ನು.

1891ರ ಅಕ್ಟೋಬರ್ 11ರಂದು ಸ್ಟಾಕ್‌ಹೋಮ್‌ನ ಯೂರ್ಗೋರ್ಡನ್ ದ್ವೀಪದ ಗುಡ್ಡದ ಮೇಲೆ ಸ್ಕಾನ್ಸೆನ್ ತೆರೆಯಿತು. ಆ ಹೆಸರಿಗೆ ಸಣ್ಣ ಕೋಟೆ ಎಂದರ್ಥ. ಅಲ್ಲಿನ ಮೊದಲ ಕಟ್ಟಡ ಡಾಲಾರ್ನಾದ ಮೂರಾ ಎಂಬಲ್ಲಿಂದ ತಂದ ಮರದ ದಿಮ್ಮಿಗಳ ಮನೆ. 1885ರಲ್ಲೇ ಅದನ್ನು ಕೊಂಡಿದ್ದ. ಇಂಥ ಮನೆಯ ಗೋಡೆಗಳಲ್ಲಿ ದಿಮ್ಮಿಗಳು ಒಂದರ ಮೇಲೊಂದು ಮಲಗಿರುತ್ತವೆ. ಮೂಲೆಗಳಲ್ಲಿ ಕಚ್ಚು ಕೊರೆದು ಒಂದನ್ನೊಂದು ಹಿಡಿದಿಡುತ್ತಾರೆ. ಹಾಗಾಗಿ ಪ್ರತಿ ದಿಮ್ಮಿಗೂ ಗುರುತು ಹಾಕಿ ಬಿಚ್ಚಿ, ಸಾಗಿಸಿ, ಅದೇ ಕ್ರಮದಲ್ಲಿ ಮತ್ತೆ ಜೋಡಿಸಬಹುದು. ಜೋಡಿಸಿದ ಮೇಲೆ ಮನೆ ಖಾಲಿ ಬೀಳಲಿಲ್ಲ. ಆಯಾ ಊರಿನ ಉಡುಪು ತೊಟ್ಟವರು ಒಳಗೆ ಇರುತ್ತಿದ್ದರು. ಹೊರಗೆ ಪಿಟೀಲು, ಕುಣಿತ, ಹಬ್ಬ. ಸಾಕುಪ್ರಾಣಿ, ಕಾಡುಪ್ರಾಣಿ ಎರಡೂ ಇದ್ದವು. ಇವತ್ತು ನಾವು ಜೀವಂತ ಇತಿಹಾಸ ಎನ್ನುವುದರ ಬೇರು ಇಲ್ಲಿದೆ.

ಇದೇ ಕಥೆಗೆ ಇನ್ನೊಂದು ಮುಖವೂ ಇದೆ. ಸ್ಕಾನ್ಸೆನ್‌ನಲ್ಲಿ ಉತ್ತರದ ಹಿಮಸಾರಂಗ ಸಾಕುವ ಸಾಮಿ ಜನರ ಬಿಡಾರ ಹಾಕಿಸಿ, ಸಾಮಿ ಕುಟುಂಬವನ್ನೇ ಅಲ್ಲಿ ಇರಿಸಲಾಗಿತ್ತು. ಟಿಕೆಟ್ ಕೊಂಡವರು ಬಂದು ಅವರನ್ನು ನೋಡಿ ಹೋಗುತ್ತಿದ್ದರು. ಹಳೆಯ ಬದುಕನ್ನು ಅಭಿನಯಿಸಿ ತೋರಿಸುವುದು ಬೇರೆ, ಬದುಕಿರುವ ಒಂದು ಸಮುದಾಯವನ್ನೇ ನೋಟದ ವಸ್ತು ಮಾಡುವುದು ಬೇರೆ. ಆ ಗೆರೆ ಅಂದು ಯುರೋಪಿನ ಬಹುತೇಕರಿಗೆ ಕಾಣಲಿಲ್ಲ, ಹಜೇಲಿಯಸ್‌ಗೂ ಕಾಣಲಿಲ್ಲ. ಅದನ್ನು ಮುಚ್ಚಿಟ್ಟು ಆತನನ್ನು ಹೊಗಳಿದರೆ ತಪ್ಪಾಗುತ್ತದೆ. ಯಾರ ಬದುಕನ್ನು ತೋರಿಸುತ್ತೇವೋ ಅವರ ಮಾತಿಗೆ ಅಲ್ಲಿ ಜಾಗ ಇದೆಯೇ ಎಂಬ ಪ್ರಶ್ನೆ ಇಂದಿಗೂ ಇಂಥ ಎಲ್ಲ ಸಂಗ್ರಹಾಲಯಗಳ ಮುಂದಿದೆ.

1892ರಿಂದ ಹಜೇಲಿಯಸ್ ಸ್ಕಾನ್ಸೆನ್ ಒಳಗೇ ಒಂದು ಹಳದಿ ಮನೆಯಲ್ಲಿ ವಾಸಕ್ಕೆ ನಿಂತ. 1901ರ ಮೇ 27ರಂದು ಅಲ್ಲೇ ಕಣ್ಣು ಮುಚ್ಚಿದ. ಸಮಾಧಿಯೂ ಅಲ್ಲೇ ಇದೆ. 1888ರಲ್ಲಿ ಕೆಲಸ ಶುರುವಾದ ನಾರ್ಡಿಕ್ ಮ್ಯೂಸಿಯಂನ ದೊಡ್ಡ ಕಟ್ಟಡ ಪೂರ್ತಿಯಾದದ್ದು 1907ರಲ್ಲಿ. ಸೋತೆನೆಂದುಕೊಂಡು ಕೈಬಿಟ್ಟ ಕಾಗುಣಿತದ ಸುಧಾರಣೆಯಲ್ಲಿ ಕೆಲವನ್ನು ಸ್ವೀಡನ್ ಒಪ್ಪಿಕೊಂಡದ್ದು 1906ರಲ್ಲಿ. ಎರಡನ್ನೂ ನೋಡಲು ಆತ ಇರಲಿಲ್ಲ. ತಂದೆಯ ನಂತರ ಸ್ಕಾನ್ಸೆನ್ ನೋಡಿಕೊಂಡ ಗುನ್ನಾರ್ ಕೂಡ 1905ರಲ್ಲಿ ತೀರಿಕೊಂಡ.

ಆದರೂ ಕೆಲಸ ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ಅದು ಹಲವರ ಕೈ ಸೇರಿತ್ತು. ಪೋಲೆಂಡ್, ಹಂಗೇರಿಯಂಥ ದೇಶಗಳಲ್ಲಿ ಇಂದು ಯಾವುದೇ ಬಯಲು ಸಂಗ್ರಹಾಲಯವನ್ನೂ ಸ್ಕಾನ್ಸೆನ್ ಎಂದೇ ಕರೆಯುತ್ತಾರೆ. ಮುಂದೆ ಪುರಾತತ್ತ್ವದವರು ಇನ್ನೊಂದು ಹೆಜ್ಜೆ ಇಟ್ಟರು. ಸಾವಿರಾರು ವರ್ಷದ ಹಿಂದಿನ ಮನೆ ಇಡಿಯಾಗಿ ಸಿಗುವುದಿಲ್ಲ, ಸಾಗಿಸಲು ಬರುವುದಿಲ್ಲ. ನೆಲದಲ್ಲಿ ಸಿಕ್ಕ ಕಂಬದ ಗುಳಿ, ಸುಟ್ಟ ಮಣ್ಣಿನ ಗುರುತು ಹಿಡಿದು ಹೊಸದಾಗಿ ಕಟ್ಟಿ ನೋಡಬೇಕು. ಜರ್ಮನಿಯ ಉಂಟರ್‌ಊಲ್ಡಿಂಗನ್‌ನಲ್ಲಿ 1922ರಲ್ಲಿ ಸರೋವರದ ಕಂಬದ ಮನೆಗಳು, 1964ರಿಂದ ಡೆನ್ಮಾರ್ಕಿನ ಲೈರೆಯಲ್ಲಿ ಕಬ್ಬಿಣ ಯುಗದ ಮನೆಗಳು, 1972ರಿಂದ ಇಂಗ್ಲೆಂಡಿನ ಬಟ್ಸರ್‌ನಲ್ಲಿ ಪ್ರಾಚೀನ ಹೊಲಮನೆ ಎದ್ದವು. ಇಲ್ಲಿ ಊಹೆ ತಪ್ಪಿದರೆ ಮಾಡು ಸೋರುತ್ತದೆ, ಗೋಡೆ ವಾಲುತ್ತದೆ. ಆ ತಪ್ಪನ್ನು ಬಚ್ಚಿಡದೆ ಪಕ್ಕದ ದೇಶದವರಿಗೆ ಹೇಳಿದರೆ ಅವರ ಹತ್ತು ವರ್ಷ ಉಳಿಯುತ್ತದೆ. ಈ ಕೊಡುಕೊಳ್ಳುವಿಕೆಗಾಗಿಯೇ 2001ರಲ್ಲಿ ಇಂಥ ಸಂಗ್ರಹಾಲಯಗಳು ಸೇರಿ ಎಕ್ಸಾರ್ಕ್ ಎಂಬ ಒಕ್ಕೂಟ ಕಟ್ಟಿಕೊಂಡವು. ಮೂರು ದೇಶಗಳು ಕೂಡಿ ನಡೆಯಬೇಕೆಂದು ಉಪ್ಸಾಲಾದ ವಿದ್ಯಾರ್ಥಿ ಕಂಡ ಕನಸು ಹೀಗೆ ಬೇರೊಂದು ರೂಪದಲ್ಲಿ ನಡೆಯುತ್ತಿದೆ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಮನೆಗಳನ್ನು ನೋಡಿದವರಿಗೆ ಈ ಕೆಲಸ ಎಷ್ಟು ಕಷ್ಟದ್ದೆಂದು ಬೇರೆ ಹೇಳಬೇಕಿಲ್ಲ. ನಮ್ಮ ಅಜ್ಜನ ಮನೆ ಕೆಡವಿದಾಗ ನಾನು ಮೊದಲ ಸೆಮಿಸ್ಟರ್‌ನಲ್ಲಿದ್ದೆ. ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದುಕೊಂಡೆ ಅಷ್ಟೆ. ಹಲಸಿನ ಮರದ ಆ ಕಂಬಗಳು ಮೊಳೆಯಿಲ್ಲದೆ ತೊಲೆಗೆ ಹೇಗೆ ಕೂತಿದ್ದವು ಎಂದು ಅಜ್ಜನನ್ನು ಕೇಳಲು ಹೊಳೆಯಲಿಲ್ಲ. ಈಗ ಸ್ಟ್ರಕ್ಚರ್ಸ್ ಪಾಠದಲ್ಲಿ ಜಾಯಿಂಟ್‌ಗಳ ಬಗ್ಗೆ ಓದುವಾಗ ಆ ಕಂಬಗಳು ನೆನಪಾಗುತ್ತವೆ. ಕೇಳೋಣ ಎಂದರೆ ಅಜ್ಜ ಇಲ್ಲ.

ಓದಿ ಮುಗಿಸಿ ಕೆಲಸ ಹುಡುಕುತ್ತಿರುವ ನಮ್ಮಂಥವರಿಗೆ 38 ಎಂದರೆ ಎಲ್ಲವೂ ತೀರ್ಮಾನವಾಗಿ ಹೋದ ವಯಸ್ಸು ಅನ್ನಿಸುತ್ತದೆ. ಹಜೇಲಿಯಸ್ ಶುರು ಮಾಡಿದ್ದೇ ಆಗ, ಕೈಯಲ್ಲಿ ನೌಕರಿ ಇಲ್ಲದೆ. ನಾವು ಅಷ್ಟು ದೊಡ್ಡದನ್ನು ಕಟ್ಟದಿರಬಹುದು. ಈ ರಜೆಯಲ್ಲಿ ಊರಿಗೆ ಹೋದಾಗ, ಮಾಡು ಹೊದಿಸುವುದು, ಏತ ಕಟ್ಟುವುದು, ನೇಗಿಲು ಹೂಡುವುದು ಬಲ್ಲವರು ಇನ್ನೂ ಇದ್ದರೆ, ಪಕ್ಕದಲ್ಲಿ ಕೂತು ಕೇಳಿ ಬರೆದಿಟ್ಟುಕೊಳ್ಳಬಹುದು. ನಾನು ಈ ಸಲ ಒಂದು ನೋಟ್‌ಬುಕ್ ಒಯ್ಯುತ್ತಿದ್ದೇನೆ.